ಗುಲಾಬಿ ಹತ್ತೋದಿಲ್ಲ, ಒರಗುತ್ತೆ: ಓಡಾಡೋ ದಾರಿ ಪಕ್ಕದ ಮುಳ್ಳುಬಳ್ಳಿಯ ವಿಚಾರ

ಈ ವಾರ ಮಾತಾಡಿದ್ದರ ಬರಹರೂಪ ಇದು. ವಿಡಿಯೋದಲ್ಲಿ ಕೈ ಆಡಿಸಿ ತೋರಿಸಿದ್ದನ್ನ ಇಲ್ಲಿ ಅಕ್ಷರದಲ್ಲೇ ಹೇಳಬೇಕು, ಹಾಗಾಗಿ ಒಂದೆರಡು ಕಡೆ ಸ್ವಲ್ಪ ಬಿಡಿಸಿ ಬರೆದಿದ್ದೀನಿ.

ನಾವು ‘ಬಳ್ಳಿ ಗುಲಾಬಿ’ ಅಂತೀವಿ, ನರ್ಸರಿಯವರು ‘ಕ್ಲೈಂಬಿಂಗ್ ರೋಸ್’ ಅಂತಾರೆ. ಎರಡು ಹೆಸರೂ ಸ್ವಲ್ಪ ದಾರಿ ತಪ್ಪಿಸುತ್ತವೆ. ಹಾಗಲಬಳ್ಳಿಗೆ ಸ್ಪ್ರಿಂಗ್ ಥರ ಸುತ್ತಿಕೊಳ್ಳೋ ತಂತುಗಳಿವೆ. ವೀಳ್ಯದೆಲೆ ಬಳ್ಳಿ ಗೆಣ್ಣಿನಲ್ಲಿ ಬೇರು ಬಿಟ್ಟು ಮರಕ್ಕೆ ಅಂಟಿಕೊಳ್ಳುತ್ತೆ. ಚಪ್ಪರದವರೆ ತಾನೇ ಕೋಲನ್ನ ಸುತ್ತಿ ಮೇಲಕ್ಕೆ ಹೋಗುತ್ತೆ. ಗುಲಾಬಿಗೆ ಇವು ಯಾವುದೂ ಇಲ್ಲ. ಅದಕ್ಕೆ ಗೊತ್ತಿರೋದು ಒಂದೇ ಕೆಲಸ: ಏಳೆಂಟು ಅಡಿ ಉದ್ದದ ಕೊಂಬೆ ಬಿಟ್ಟು, ಅದು ಬಾಗಿದಾಗ ಪಕ್ಕದಲ್ಲಿ ಏನು ಸಿಗುತ್ತೋ ಅದಕ್ಕೆ ಮುಳ್ಳಿನಿಂದ ಕೊಕ್ಕೆ ಹಾಕಿಕೊಂಡು ಒರಗೋದು. ಕಾಡಿನಲ್ಲಿ ಪಕ್ಕದಲ್ಲಿ ಇನ್ನೊಂದು ಗಿಡ ಇರುತ್ತೆ. ನಮ್ಮ ಸೊಸೈಟಿಗಳಲ್ಲಿ ಇರೋದು ರೇಲಿಂಗ್, ಮತ್ತೆ ಆ ರೇಲಿಂಗ್ ಹಿಡಿದು ನಡೆಯೋರ ಕೈ.

ಇದನ್ನ ಮೊದಲೇ ಹೇಳಿದ್ದಕ್ಕೆ ಕಾರಣ ಇದೆ. ತಾನಾಗಿ ಹತ್ತೋ ಬಳ್ಳಿಯಾಗಿದ್ದರೆ ‘ಅದು ಹೋದ ಕಡೆ ಹೋಯ್ತು, ಏನ್ ಮಾಡೋಕಾಗುತ್ತೆ’ ಅನ್ನಬಹುದಿತ್ತು. ಗುಲಾಬಿ ವಿಷಯದಲ್ಲಿ ಹಾಗನ್ನೋಕೆ ಬರೋದಿಲ್ಲ. ಅದು ಎಲ್ಲಿ ಒರಗಬೇಕು ಅನ್ನೋದನ್ನ ತೀರ್ಮಾನ ಮಾಡೋದು ಅದನ್ನ ಕಟ್ಟೋ ಕೈ. ಯಾರೂ ಕಟ್ಟಲಿಲ್ಲ ಅಂದ್ರೆ ಅದು ಬೆಳಕಿನ ಕಡೆ ಒರಗುತ್ತೆ. ಕಟ್ಟಡದ ಪಕ್ಕದ ಪಟ್ಟಿಯಲ್ಲಿ ನೆಟ್ಟಿದ್ದರೆ ಒಂದು ಕಡೆ ಗೋಡೆಯ ನೆರಳು, ಇನ್ನೊಂದು ಕಡೆ ತೆರೆದ ದಾರಿ. ಬೆಳಕಿರೋದು ದಾರಿ ಕಡೆ. ‘ಇಷ್ಟೆಲ್ಲಾ ಜಾಗ ಬಿಟ್ಟು ದಾರಿಗೇ ಯಾಕೆ ಬರುತ್ತೆ ಇದು?’ ಅಂತ ಕೇಳೋರಿಗೆ ಉತ್ತರ ಇಷ್ಟೇ.

ಈಗ ಮುಳ್ಳಿನ ವಿಷಯ. ಸಸ್ಯಶಾಸ್ತ್ರದವರ ಲೆಕ್ಕದಲ್ಲಿ ಗುಲಾಬಿಯದ್ದು ಅಸಲಿ ಮುಳ್ಳೇ ಅಲ್ಲ. ನಿಂಬೆ, ಬೋಗನ್‌ವಿಲ್ಲಾ ಇವುಗಳ ಮುಳ್ಳು ರೂಪ ಬದಲಿಸಿದ ಕೊಂಬೆ, ಒಳಗೆ ಕಟ್ಟಿಗೆ ಇರುತ್ತೆ. ಪಾಪಸುಕಳ್ಳಿಯ ಮುಳ್ಳು ರೂಪ ಬದಲಿಸಿದ ಎಲೆ. ಗುಲಾಬಿಯದ್ದು ತೊಗಟೆಯ ಹೊರಪದರದಿಂದ ಎದ್ದು ಬಂದದ್ದು, ಬದನೆಕಾಯಿ ತೊಟ್ಟಿನ ಮೇಲೆ ಇರುತ್ತಲ್ಲ, ಆ ಜಾತಿ. ತಮಾಷೆ ಅಂದ್ರೆ, ದೂರದೂರದ ಕುಟುಂಬಗಳ ಈ ಎರಡು ಗಿಡಗಳಲ್ಲೂ ಮುಳ್ಳು ಹುಟ್ಟಿಸೋದು ಒಂದೇ ಬಗೆಯ ಜೀನ್, ಸೈಟೋಕೈನಿನ್ ಅನ್ನೋ ಹಾರ್ಮೋನ್ ತಯಾರಿಸೋ ‘ಲಾಗ್’ ಗುಂಪಿನದ್ದು ಅಂತ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ತೋರಿಸಿತು. ಒಂದೇ ಲೈಬ್ರರಿಯನ್ನ ಬೇರೆ ಬೇರೆ ಟೀಮ್‌ಗಳು ಬೇರೆ ಬೇರೆ ಕಾಲದಲ್ಲಿ ಎತ್ತಿಕೊಂಡು ಬಳಸಿದ ಹಾಗೆ. ‘ಲಾಗ್’ ಅನ್ನೋ ಹೆಸರು ನೋಡಿ ನಮ್ಮ ಮಂದಿ ನಗೋದು ಬೇಡ, ಅದು ‘ಲೋನ್ಲಿ ಗೈ’ ಅನ್ನೋದರ ಚಿಕ್ಕ ರೂಪ.

ಈ ಭೇದದಿಂದ ನಮಗೆ ಎರಡು ಉಪಯೋಗ ಇದೆ. ಒಂದು, ಗುಲಾಬಿ ಮುಳ್ಳನ್ನ ಹೆಬ್ಬೆರಳಲ್ಲಿ ಪಕ್ಕಕ್ಕೆ ಒತ್ತಿದರೆ ಟಕ್ ಅಂತ ಬುಡದಿಂದ ಬಿಟ್ಟುಬರುತ್ತೆ, ಕೊಂಬೆಗೆ ಆಗೋದು ತೊಗಟೆ ಮೇಲಿನ ಒಂದು ಸಣ್ಣ ಗುರುತು ಮಾತ್ರ. ಹಾಗಾಗಿ ಜನರ ಕೈಗೆ, ಮಕ್ಕಳ ಮುಖಕ್ಕೆ ಸಿಗೋ ಎತ್ತರದಲ್ಲಿ ಇರಲೇಬೇಕಾದ ಒಂದೆರಡು ಕೊಂಬೆಗಳಿದ್ದರೆ ಅಷ್ಟು ಭಾಗದ ಮುಳ್ಳನ್ನ ಕೂತು ಬಿಡಿಸಬಹುದು. ಒಣ ದಿನಗಳಲ್ಲಿ ಮಾಡಿ, ಮಳೆಯಲ್ಲಿ ಆ ಗುರುತುಗಳಿಂದ ರೋಗ ಒಳಗೆ ಹೋಗೋ ಸಾಧ್ಯತೆ ಇರುತ್ತೆ. ಎಳೇ ಹಸಿರು ಕೊಂಬೆಯಲ್ಲಿ ಬೇಡ, ಸಿಪ್ಪೆಯೇ ಕಿತ್ತು ಬರುತ್ತೆ. ಬೋಗನ್‌ವಿಲ್ಲಾಗೆ ಈ ಉಪಾಯ ನಡೆಯಲ್ಲ, ಅದನ್ನ ಕತ್ತರಿಸಲೇಬೇಕು.

ಎರಡನೇದು ಮುಳ್ಳಿನ ದಿಕ್ಕು. ಗುಲಾಬಿಯ ಮುಳ್ಳು ಬಾಗಿರೋದು ಕೊಂಬೆಯ ಬುಡದ ಕಡೆಗೆ. ದಾರಿಗೆ ಚಾಚಿದ ಕೊಂಬೆ ದುಪಟ್ಟಾಗೆ ಸಿಕ್ಕಿತು ಅಂದುಕೊಳ್ಳಿ. ನಾವು ಗಾಬರಿಯಲ್ಲಿ ಹಿಂದಕ್ಕೆ, ಅಂದ್ರೆ ಕೊಂಬೆಯ ತುದಿ ಕಡೆಗೆ ಎಳೀತೀವಿ. ಕೊಕ್ಕೆ ಬಿಗಿಯಾಗೋದು ಸರಿಯಾಗಿ ಅದೇ ದಿಕ್ಕಿನಲ್ಲಿ! ಬಿಡಿಸಿಕೊಳ್ಳಬೇಕಾದರೆ ಬಟ್ಟೆಯನ್ನಾಗಲಿ ಕೈಯನ್ನಾಗಲಿ ಒಂದು ಕ್ಷಣ ಬುಡದ ಕಡೆಗೆ, ಗಿಡದ ಒಳಕ್ಕೆ ತಳ್ಳಿ, ಆಮೇಲೆ ಎತ್ತಬೇಕು. ಮುಳ್ಳಿನ ಮೇಲೆ ಬಿದ್ದ ಬಟ್ಟೇನ ನಿಧಾನಕ್ಕೆ ತೆಗೀಬೇಕು ಅಂತ ನಮ್ಮ ಹಿರಿಯರು ಸಂಸಾರದ ಬಗ್ಗೆ ಹೇಳಿದ್ದು. ಗುಲಾಬಿಗೆ ಅಕ್ಷರಶಃ ಸರಿ. ಸೊಸೈಟಿಯ ಮಕ್ಕಳಿಗೆ ಇದನ್ನೊಂದು ಸಲ ಕೈ ಹಿಡಿದು ತೋರಿಸಿ, ಆಟದ ಹಾಗೆ ಕಲಿತುಬಿಡುತ್ತವೆ.

ನಾನು ಇಷ್ಟೆಲ್ಲ ತಲೆ ಕೆಡಿಸಿಕೊಂಡಿದ್ದಕ್ಕೆ ಕಾರಣ ನಮ್ಮ ಪುಣೆಯ ಸೊಸೈಟಿಯ ರ‍್ಯಾಂಪ್. ಬಿ ವಿಂಗ್ ಬಾಗಿಲಿಂದ ಕೆಳಗಿನ ದಾರಿಗೆ ಇಳಿಯೋ ಇಳಿಜಾರು, ಎರಡೂ ಕಡೆ ಸ್ಟೀಲ್ ಪೈಪ್. ಎಡಗಡೆ ಪೈಪಿನ ಪಕ್ಕದ ಮಣ್ಣಲ್ಲಿ ಮೊದಲ ಮಹಡಿಯ ಕಾಕೂ ಒಂಬತ್ತು ವರ್ಷದ ಹಿಂದೆ ನೆಟ್ಟ ಕೆಂಪು ಬಳ್ಳಿ ಗುಲಾಬಿ ಇದೆ. ಸೋಲಾಪುರ ರಸ್ತೆಯ ಉರುಳಿ ಕಾಂಚನ್ ಕಡೆಯ ನರ್ಸರಿಯಿಂದ ತಂದದ್ದು, ತಳಿಯ ಹೆಸರು ಅವರಿಗೂ ಗೊತ್ತಿಲ್ಲ. ಅದು ಪೈಪಿನ ಒಳಗೂ ಹೊರಗೂ ನೇಯ್ದುಕೊಂಡು ಬೆಳೆದಿತ್ತು. ಡಿಸೆಂಬರಲ್ಲಿ ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ತಿದ್ದರು.

ಹೋದ ವರ್ಷ ಮಳೆಗಾಲದಲ್ಲಿ ಬಾಗಲಕೋಟೆಯಿಂದ ಮಗನ ಮನೆಗೆ ಬಂದಿದ್ದ ಒಬ್ಬ ಅಮ್ಮ, ಮಂಡಿ ಆಪರೇಷನ್ ಆದವರು, ಒದ್ದೆ ರ‍್ಯಾಂಪಲ್ಲಿ ಕಾಲು ಜಾರಿದಾಗ ಪೈಪ್ ಹಿಡಿದರು. ಹಿಡಿದ ಕ್ಷಣಕ್ಕೇ ಬಿಟ್ಟರು, ಯಾಕಂದ್ರೆ ಅಂಗೈಗೆ ಸಿಕ್ಕಿದ್ದು ಮುಳ್ಳು. ಪುಣ್ಯಕ್ಕೆ ಹಿಂದೆ ಬರ್ತಿದ್ದ ಹುಡುಗ ತೋಳು ಹಿಡಿದುಕೊಂಡ. ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು, ಅಂಗೈ ರಕ್ತ ನಿಲ್ಲೋಕೆ ಬಹಳ ಹೊತ್ತಾಯ್ತು. ನಮ್ಮಲ್ಲಿ ಅನೇಕರ ಅಪ್ಪ ಅಮ್ಮ ಹೀಗೇ ಅಲ್ವಾ, ಊರಿಂದ ಎರಡು ಮೂರು ತಿಂಗಳಿಗೆ ಬರ್ತಾರೆ. ಭಾಷೆ ಬಾರದ ಊರು, ಹೊಸ ಲಿಫ್ಟ್, ಹೊಸ ಮೆಟ್ಟಿಲು. ಅವರಿಗೆ ರೇಲಿಂಗ್ ಅನ್ನೋದು ಅಲಂಕಾರ ಅಲ್ಲ.

ಕಮಿಟಿ ಮೀಟಿಂಗಲ್ಲಿ ಎರಡು ಪಕ್ಷ ಆಯ್ತು. ಬುಡಸಮೇತ ಕಿತ್ತು ಬಿಡಿ ಅನ್ನೋರು ಒಂದು ಕಡೆ. ವಾರಕ್ಕೊಮ್ಮೆ ಮಾಲಿ ಕತ್ತರಿ ಹಾಕಲಿ ಅನ್ನೋರು ಇನ್ನೊಂದು ಕಡೆ. ಕಾಕೂ ಮಾತೇ ಆಡಲಿಲ್ಲ, ಅದು ಹೆಚ್ಚು ಕಷ್ಟ ಆಯ್ತು. ಆ ಅಮ್ಮನನ್ನ ಕೇಳಿದ್ದಕ್ಕೆ, ‘ಹೂ ಇರ್ಲಿ ತಮ್ಮಾ, ಕಡೀಬ್ಯಾಡ್ರಿ. ನನಗ ಹಿಡ್ಕೊಳ್ಳಾಕ ಒಂದು ಪೈಪ್ ಬಿಟ್ಟುಕೊಡ್ರಿ ಸಾಕು’ ಅಂದರು. ನನಗೆ ಇದಕ್ಕಿಂತ ಸ್ಪಷ್ಟವಾದ ರಿಕ್ವೈರ್‌ಮೆಂಟ್ ಯಾವ ಕ್ಲೈಂಟ್‌ನಿಂದಲೂ ಸಿಕ್ಕಿಲ್ಲ.

ಎರಡನೇ ಪಕ್ಷದವರ ಸಲಹೆ ಕೇಳೋಕೆ ಸಮಾಧಾನವಾಗಿತ್ತು, ಆದರೆ ಅದು ಕೆಲಸ ಮಾಡಲ್ಲ. ಯಾಕೆ ಅನ್ನೋದೇ ಈ ಮಾತಿನ ಮುಖ್ಯ ಭಾಗ. ಕೊಂಬೆಯ ತುದಿಯಲ್ಲಿ ಆಕ್ಸಿನ್ ಅನ್ನೋ ಹಾರ್ಮೋನ್ ತಯಾರಾಗಿ ಕೆಳಕ್ಕೆ ಹರಿಯುತ್ತೆ. ಅದು ಹರಿಯುತ್ತಿರೋ ತನಕ ಕೆಳಗಿನ ಗೆಣ್ಣುಗಳಲ್ಲಿರೋ ಕಣ್ಣುಗಳು ಮಲಗಿರುತ್ತವೆ. ತುದಿಯನ್ನ ಕತ್ತರಿಸಿದ್ರಿ ಅಂದ್ರೆ ತಡೆ ಹೋಯ್ತು. ಕತ್ತರಿಸಿದ ಜಾಗದ ಕೆಳಗಿನ ಎರಡು ಮೂರು ಕಣ್ಣುಗಳು ಒಟ್ಟಿಗೆ ಒಡೆಯುತ್ತವೆ. ಮಾಲಿ ದಾರಿಯ ಅಂಚಿಗೆ ಸರಿಯಾಗಿ, ಬೇಲಿ ಕತ್ತರಿಸೋ ದೊಡ್ಡ ಕತ್ತರಿಯಲ್ಲಿ ಕಚಕಚ ಅಂತ ಸಮ ಮಾಡಿ ಹೋಗ್ತಾರೆ. ಒಂದು ಕೊಂಬೆ ಇದ್ದ ಕಡೆ ಕೆಲವೇ ವಾರದಲ್ಲಿ ಮೂರು, ಅದೂ ದಾರಿಯ ಅಂಚಿನಲ್ಲೇ, ಮುಖ ದಾರಿಗೇ. ಮಳೆಗಾಲದಲ್ಲಂತೂ ಕೇಳೋದೇ ಬೇಡ. ಅಂದ್ರೆ ದಾರಿ ಪಕ್ಕದಲ್ಲಿ ಕತ್ತರಿಸ್ತಾ ಇದ್ದಷ್ಟೂ ದಾರಿ ಪಕ್ಕದಲ್ಲಿ ಮುಳ್ಳು ದಟ್ಟವಾಗುತ್ತೆ. ಬಗ್ ಇರೋ ಕಡೆ ಪ್ಯಾಚ್ ಹಾಕಿ ಮೂರು ಬಗ್ ಮಾಡೋದು ನಮಗೇನು ಹೊಸದಲ್ಲ ಬಿಡಿ.

ಕತ್ತರಿಸೋ ಬದಲು ಬಗ್ಗಿಸಬೇಕು. ನೆಟ್ಟಗೆ ನಿಂತ ಕೊಂಬೆಯಲ್ಲಿ ತುದಿಯೇ ಯಜಮಾನ, ಹೂವೆಲ್ಲ ಮೇಲ್ಗಡೆ ಹತ್ತಡಿಯಲ್ಲಿ, ಕೆಳಗೆ ಬರೀ ಬೋಳು ಮುಳ್ಳುಕೋಲು. ಅದೇ ಕೊಂಬೆಯನ್ನ ನೆಲಕ್ಕೆ ಸಮಾನಾಂತರವಾಗಿ, ಅಥವಾ ಬೀಸಣಿಗೆಯ ಕಡ್ಡಿಗಳ ಹಾಗೆ ಓರೆಯಾಗಿ ಮಲಗಿಸಿ ಕಟ್ಟಿದರೆ ತುದಿಯ ಯಜಮಾನಿಕೆ ಸಡಿಲವಾಗುತ್ತೆ. ಕೊಂಬೆಯ ಉದ್ದಕ್ಕೂ ಕಣ್ಣೊಡೆದು ಚಿಕ್ಕ ಚಿಕ್ಕ ರೆಂಬೆ ಬರುತ್ತವೆ, ಹೂ ಬರೋದು ಅವುಗಳಲ್ಲೇ. ಶಕ್ತಿಯೆಲ್ಲ ಗೇಣುದ್ದದ ಹೂರೆಂಬೆಗಳಿಗೆ ಹೋಗೋದರಿಂದ ಎಂಟಡಿ ಚಾಟಿಗಳು ಕಡಿಮೆಯಾಗುತ್ತವೆ. ಹೂವೂ ಹೆಚ್ಚು, ದಾರಿಗೆ ನುಗ್ಗೋದೂ ಕಡಿಮೆ. ಇಂಥ ಎರಡೂ ಕಡೆ ಲಾಭದ ವ್ಯವಹಾರ ತೋಟದಲ್ಲಿ ಅಪರೂಪ.

ಹಾಗಾದ್ರೆ ಎಲ್ಲಿಗೆ ಕಟ್ಟೋದು? ರೇಲಿಂಗಿಗೆ ಅಲ್ಲ. ಇದೊಂದರಲ್ಲಿ ನಾನು ಹಟಮಾರಿ. ಜನ ಹಿಡಿಯೋ ಪೈಪ್ ನೆಲದಿಂದ ಸುಮಾರು 900 ಮಿಲಿಮೀಟರ್, ಅಂದ್ರೆ ಮೂರಡಿ ಎತ್ತರದಲ್ಲಿರುತ್ತೆ. ಎಲ್ಲರೂ ಪೈಪಿನ ಈಚೆ ಬದಿಯನ್ನ ಮಾತ್ರ ನೋಡಿ ‘ಕ್ಲೀನ್ ಇದೆ’ ಅಂತಾರೆ. ಆದರೆ ಹಿಡಿದಾಗ ಬೆರಳು ಸುತ್ತಿಕೊಂಡು ಹೋಗೋದು ಪೈಪಿನ ಆಚೆ ಬದಿಗೆ. ನಿಮ್ಮ ಮನೆಯ ಗ್ರಿಲ್ ಒಂದನ್ನ ಈಗಲೇ ಹಿಡಿದು ನೋಡಿ, ಬೆರಳ ಗೆಣ್ಣುಗಳೆಲ್ಲ ಆ ಕಡೆ. ಗಾಳಿಗೆ ಕೊಂಬೆ ಓಲಾಡುತ್ತೆ ಬೇರೆ. ಆದ್ದರಿಂದ ಆಚೆ ಬದಿಯಲ್ಲೂ ಒಂದೂವರೆ ಅಡಿ ಖಾಲಿ ಇರಬೇಕು ಅಂತ ನಾವು ಇಟ್ಟುಕೊಂಡ್ವಿ. ರೇಲಿಂಗಿಂದ ಅಷ್ಟು ದೂರದಲ್ಲಿ ಮೂರು ಕಬ್ಬಿಣದ ಆಂಗಲ್ ನೆಟ್ಟು, ಒಂದಡಿ ಅಂತರದಲ್ಲಿ ಅಡ್ಡಡ್ಡ ಜಿಐ ತಂತಿ ಎಳೆದ್ವಿ. ಅದು ಗುಲಾಬಿಯದ್ದು. ಪೈಪ್ ಮನುಷ್ಯರದ್ದು.

ಪೈಪಿಗೆ ನೇಯೋದು ಇನ್ನೂ ಒಂದು ಕಾರಣಕ್ಕೆ ಬೇಡ. ಸಣ್ಣದಿದ್ದಾಗ ಸಲೀಸಾಗಿ ಕಂಬಿಗಳ ನಡುವೆ ತೂರಿಸಿದ ಕೊಂಬೆ ನಾಲ್ಕು ವರ್ಷಕ್ಕೆ ಹೆಬ್ಬೆರಳಿಗಿಂತ ದಪ್ಪ ಆಗುತ್ತೆ, ಆಮೇಲೆ ಅದನ್ನ ಕಡಿಯದೆ ಹೊರಗೆ ತೆಗೆಯೋಕಾಗಲ್ಲ. ಕಬ್ಬಿಣದ ರೇಲಿಂಗ್ ಆದ್ರೆ ಬಣ್ಣ ಬಳಿಯೋಕೂ ಆಗಲ್ಲ, ತುಕ್ಕು ಒಳಗೊಳಗೇ ತಿನ್ನುತ್ತೆ. ತಂತಿಯ ಒಂದೇ ಬದಿಗೆ ಕೊಂಬೆ ಇಟ್ಟು ಕಟ್ಟಿದರೆ ಯಾವತ್ತು ಬೇಕಾದರೂ ಬಿಚ್ಚಿ ಪಕ್ಕಕ್ಕಿಡಬಹುದು.

ಕಟ್ಟೋಕೆ ಬೈಂಡಿಂಗ್ ವೈರ್ ಬಳಸಬೇಡಿ, ಕೊಂಬೆ ದಪ್ಪ ಆದ ಹಾಗೆ ಅದು ತೊಗಟೆಯೊಳಗೆ ಹೂತುಹೋಗುತ್ತೆ. ಹಳೇ ಕಾಟನ್ ಟೀಶರ್ಟ್ ಇದ್ದೇ ಇರುತ್ತಲ್ಲ, ಕಂಪನಿ ಕೊಟ್ಟದ್ದು, ಯಾವುದೋ ಪ್ರಾಡಕ್ಟ್ ಲಾಂಚ್‌ದು. ಅದನ್ನ ಬೆರಳಗಲದ ಪಟ್ಟಿ ಹರಿದು, ಇಂಗ್ಲಿಷಿನ ಎಂಟರ ಆಕಾರದಲ್ಲಿ ಕಟ್ಟಿ: ಒಂದು ಸುತ್ತು ತಂತಿಗೆ, ನಡುವೆ ತಿರುವು, ಇನ್ನೊಂದು ಸುತ್ತು ಕೊಂಬೆಗೆ. ಬೆರಳು ತೂರುವಷ್ಟು ಸಡಿಲ ಇರಲಿ.

ಬಗ್ಗಿಸೋಕೆ ಸಿಗೋದು ಆ ವರ್ಷದ ಕೊಂಬೆ ಮಾತ್ರ. ಜುಲೈ ಆಗಸ್ಟಲ್ಲಿ ಬುಡದಿಂದ ಕೆಂಪಗೆ, ದಪ್ಪಗೆ ನುಗ್ಗಿ ಬರುತ್ತವೆ ನೋಡಿ, ಅವು. ತೀರಾ ಎಳೆಯದಾಗಿದ್ದಾಗ ಬಗ್ಗಿಸಿದರೆ ಬುಡದಲ್ಲೇ ಕಳಚಿಕೊಳ್ಳುತ್ತೆ, ಎರಡು ವರ್ಷ ಆದಮೇಲೆ ಬಗ್ಗಿಸಿದರೆ ಮುರಿಯುತ್ತೆ. ಎರಡು ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಕೆಳಗಿಳಿಸೋದು ಸರಿ. ಆದರೆ ಅವು ಬುಡದಿಂದ ಬಂದವೋ, ಕಸಿ ಗಂಟಿನ ಕೆಳಗಿಂದ ಬಂದವೋ ಅನ್ನೋದನ್ನ ಮೊದಲು ಬಗ್ಗಿ ನೋಡಿ. ನಮ್ಮ ನರ್ಸರಿಗಳ ಗಿಡ ಸಾಮಾನ್ಯವಾಗಿ ಕಸಿ ಕಟ್ಟಿದ್ದು. ಗಂಟಿನ ಕೆಳಗಿಂದ ಎದ್ದದ್ದು ಕಾಡು ಬೇರಿನದ್ದು, ಅದಕ್ಕೆ ನಿಮ್ಮ ಹೂ ಬರಲ್ಲ, ಬಿಟ್ಟರೆ ಇಡೀ ಗಿಡವನ್ನೇ ನುಂಗುತ್ತೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕಿತ್ತು ತೆಗೀಬೇಕು. ಮೇಲಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತೆ.

ದೊಡ್ಡ ಕೆಲಸ ವರ್ಷಕ್ಕೊಮ್ಮೆ. ಪುಣೆ, ಬೆಂಗಳೂರು, ಹೈದರಾಬಾದ್ ಹವೆಗೆ ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಮಧ್ಯದಲ್ಲಿ. ನಾಲ್ಕೈದು ಒಳ್ಳೇ ಕೊಂಬೆ ಉಳಿಸಿ. ಎಲ್ಲಕ್ಕಿಂತ ಹಳೇದೊಂದನ್ನ ಗರಗಸದಲ್ಲಿ ಬುಡಕ್ಕೆ ತೆಗೆದು, ಅದರ ಜಾಗಕ್ಕೆ ಈ ವರ್ಷದ್ದನ್ನ ಕಟ್ಟಿ. ಹೂ ಬಿಟ್ಟು ಮುಗಿದ ಚಿಕ್ಕ ರೆಂಬೆಗಳನ್ನ ಎರಡು ಮೂರು ಕಣ್ಣು ಬಿಟ್ಟು ಕತ್ತರಿಸಿ. ಇಲ್ಲೊಂದು ಸೂಕ್ಷ್ಮ: ಕೊನೆಯ ಕಣ್ಣು ಯಾವ ಕಡೆ ಮುಖ ಮಾಡಿದೆಯೋ ಹೊಸ ರೆಂಬೆ ಆ ಕಡೆಗೇ ಹೋಗುತ್ತೆ. ದಾರಿಗೆ ಮುಖ ಮಾಡಿದ ಕಣ್ಣಿನ ಮೇಲೆ ಕತ್ತರಿಸಬೇಡಿ, ಪಕ್ಕಕ್ಕೋ ಗೋಡೆ ಕಡೆಗೋ ನೋಡ್ತಿರೋದನ್ನ ಹುಡುಕಿ. ಆಮೇಲೆ ಉಳಿದ ತಿಂಗಳಲ್ಲಿ ವಾರಕ್ಕೊಂದು ಸಲ ಆಫೀಸ್ ಕ್ಯಾಬ್ ಕಾಯುವಾಗ ಗಿಡದ ಮುಂದೆ ನಿಂತು, ದಾರಿಗೆ ನೋಡ್ತಿರೋ ಹೊಸ ಚಿಗುರು ಕಂಡರೆ ಹೆಬ್ಬೆರಳಲ್ಲಿ ಉಜ್ಜಿ ಉದುರಿಸಿ. ಅರ್ಧ ಇಂಚು ಇರುವಾಗ ಮುಳ್ಳೂ ಇರಲ್ಲ, ಕತ್ತರಿಯೂ ಬೇಡ. ಮಾಲಿಗೆ ಹೇಳಬೇಕಾದ್ದೂ ಇದನ್ನೇ. ನಮ್ಮ ಮಾಲಿ ಕಾಕಾಗೆ ಒಂದು ಸಲ ತೋರಿಸಿದ್ದು, ಈಗ ಅವರು ನನಗಿಂತ ಚೆನ್ನಾಗಿ ಮಾಡ್ತಾರೆ.

ಕೈಗೆ ತೋಟದ ಬಟ್ಟೆ ಗ್ಲೌಸ್ ಸಾಲದು. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗ್ ಮಾಡೋರ ಚರ್ಮದ ಉದ್ದ ಗ್ಲೌಸ್ ಕೇಳಿ, ಮೊಣಕೈ ಹತ್ತಿರದ ತನಕ ಬರುತ್ತೆ. ಕಣ್ಣಿಗೆ ಏನಾದರೂ ಇರಲಿ, ಬೈಕ್ ಹೆಲ್ಮೆಟ್ಟಿನ ಗಾಜಾದರೂ ಸರಿ. ಕಟ್ಟು ಬಿಚ್ಚಿದ ಕೊಂಬೆ ಚಾಟಿ ಥರ ಹೊಡೆಯುತ್ತೆ.

ಚುಚ್ಚಿದರೆ ಸೋಪು ನೀರಲ್ಲಿ ತೊಳೆದು, ಮುರಿದ ಮೊನೆ ಒಳಗಿದೆಯಾ ನೋಡಿ. ಟೆಟನಸ್ ಇಂಜೆಕ್ಷನ್ ತಗೊಂಡು ಎಷ್ಟು ವರ್ಷ ಆಯ್ತು ಅಂತ ಲೆಕ್ಕ ಹಾಕಿ. ಇನ್ನೊಂದು ವಿಷಯ ಹೆಚ್ಚು ಜನಕ್ಕೆ ಗೊತ್ತಿಲ್ಲ. ಮಣ್ಣಲ್ಲಿ, ಗಿಡದ ಮೇಲೆ ಇರೋ ಸ್ಪೋರೋಥ್ರಿಕ್ಸ್ ಅನ್ನೋ ಶಿಲೀಂಧ್ರ ಇಂಥ ಗಾಯದಿಂದ ಒಳಗೆ ಹೋಗಬಹುದು. ಈ ಕಾಯಿಲೆಗೆ ಗುಲಾಬಿ ತೋಟಗಾರರ ರೋಗ ಅಂತಲೇ ಅಡ್ಡಹೆಸರಿದೆ. ಗಾಯ ಮಾಸಿ ವಾರಗಳಾದ ಮೇಲೆ ಅಲ್ಲೊಂದು ನೋವಿಲ್ಲದ ಗಂಟು, ಆಮೇಲೆ ತೋಳಿನುದ್ದಕ್ಕೂ ಸಾಲಾಗಿ ಗಂಟುಗಳು ಕಾಣಿಸಿದರೆ ಡಾಕ್ಟರ್ ಹತ್ತಿರ ಹೋಗಿ, ‘ಗುಲಾಬಿ ಮುಳ್ಳು ಚುಚ್ಚಿತ್ತು’ ಅಂತ ನೀವಾಗಿ ಹೇಳಿ. ಔಷಧಿ ಇದೆ, ತಿಂಗಳುಗಟ್ಟಲೆ ತಗೋಬೇಕಾಗುತ್ತೆ.

ಮುಳ್ಳೇ ಇಲ್ಲದ ಬಳ್ಳಿ ಗುಲಾಬಿ ಇಲ್ವಾ ಅಂತ ಕೇಳ್ತೀರಿ. ಇದೆ. 1868ರ ಫ್ರೆಂಚ್ ತಳಿ ಜೆಫಿರೀನ್ ದ್ರುಯೆಂ ಬಹಳ ಹೆಸರುವಾಸಿ, ಗುಲಾಬಿ ಬಣ್ಣ, ಒಳ್ಳೇ ಪರಿಮಳ, ಆದರೆ ಎಲೆ ಮೇಲೆ ಕಪ್ಪು ಚುಕ್ಕೆ ಮತ್ತು ಬೂದಿ ರೋಗ ಸುಲಭವಾಗಿ ಬರುತ್ತೆ. ಲೇಡಿ ಬ್ಯಾಂಕ್ಸ್ ಅನ್ನೋ ಚೀನಾ ಮೂಲದ್ದಕ್ಕೂ ಮುಳ್ಳಿಲ್ಲ ಅನ್ನುವಷ್ಟು ಕಡಿಮೆ. ಹೂ ವರ್ಷಕ್ಕೊಂದೇ ಸಲ, ಬೆಳವಣಿಗೆ ರಾಕ್ಷಸನದ್ದು. ಅಮೆರಿಕದ ಟೂಂಬ್‌ಸ್ಟೋನ್ ಊರಲ್ಲಿ 1885ರಲ್ಲಿ ನೆಟ್ಟ ಒಂದೇ ಗಿಡ ಈಗ ಸಾವಿರಾರು ಚದರಡಿ ಚಪ್ಪರ ತುಂಬಿದೆ. ನಮ್ಮ ಬಾಲ್ಕನಿಗೆ ಆಗೋ ಮಾತಲ್ಲ. ನಮ್ಮ ಬಿಸಿಲಿಗೆ ಹೊಂದೋ ತಳಿಗಳಿಗಾಗಿ ಕೊಡೈಕೆನಾಲಿನಲ್ಲಿ ದಶಕಗಳಿಂದ ದುಡಿದವರು ಎಂ.ಎಸ್. ವೀರರಾಘವನ್, ಹಿಂದೆ ಐಎಎಸ್ ಅಧಿಕಾರಿ. ಈಶಾನ್ಯದ ಕಾಡುಗುಲಾಬಿ ರೋಸಾ ಜೈಗ್ಯಾಂಟಿಯಾವನ್ನ ಬಳಸಿ ಅವರು ಮಾಡಿದ ಬಳ್ಳಿಗಳ ಬಗ್ಗೆ ಆಸಕ್ತಿ ಇದ್ದೋರು ಹುಡುಕಿ ನೋಡಿ, ಅದೇ ಒಂದು ಬೇರೆ ವಿಡಿಯೋ ಆಗುತ್ತೆ.

ದಾರಿ ಮೂರಡಿಗಿಂತ ಕಿರಿದಾಗಿದ್ದು, ಹಿಂದೆ ತಂತಿ ಕಟ್ಟೋಕೆ ಜಾಗವೇ ಇಲ್ಲ ಅಂದ್ರೆ ನನ್ನ ಅಭಿಪ್ರಾಯ ನೇರ: ಅಲ್ಲಿ ಗುಲಾಬಿ ಬೇಡ. ಜಾಜಿ ಹಾಕಿ. ಇಲ್ಲಿ ಎಲ್ಲರೂ ಮಧುಮಾಲತಿ ಅಂತಾರಲ್ಲ, ಅದನ್ನ ಹಾಕೋದಾದರೆ ಒಂದು ಎಚ್ಚರಿಕೆ, ಅದರ ಉದುರಿದ ಎಲೆಯ ತೊಟ್ಟಿನ ಬುಡ ಗಟ್ಟಿಯಾಗಿ ಸಣ್ಣ ಮುಳ್ಳಿನ ಹಾಗೆ ಉಳಿಯುತ್ತೆ.

ಕೊನೆಗೆ ಕಡಿದ ಕೊಂಬೆಗಳ ಗತಿ. ಉದ್ದ ಕೊಂಬೆಯನ್ನ ಪೊದೆಯಿಂದ ಎಳೆದು ತೆಗೀಬೇಡಿ, ತುದಿಯಿಂದ ಗೇಣುಗೇಣು ತುಂಡು ಮಾಡ್ತಾ ಬುಡಕ್ಕೆ ಬನ್ನಿ. ನೆಲದಲ್ಲಿ ಒಂದು ತುಂಡೂ ಉಳಿಯಬಾರದು, ಡೆಲಿವರಿ ಹುಡುಗರ ಚಪ್ಪಲಿ, ಮಕ್ಕಳ ಸೈಕಲ್ ಟೈರ್, ಗೇಟಲ್ಲಿ ಮಲಗೋ ನಾಯಿ ಎಲ್ಲವೂ ಅಲ್ಲೇ ಓಡಾಡೋದು. ಹಸಿ ಕಸದ ಡಬ್ಬಕ್ಕಂತೂ ಹಾಕಲೇಬೇಡಿ. ಪುಣೆಯಲ್ಲಿ ಬಹಳ ಕಡೆ ಮನೆಮನೆಯ ಕಸ ತಗೊಂಡು ವಿಂಗಡಿಸೋದು ‘ಸ್ವಚ್ಛ್’ ಸಹಕಾರಿ ಸಂಘದ ಹೆಂಗಸರು, ಅದೂ ಕೈಯಲ್ಲಿ. ನಾವು ತುಂಡುಗಳನ್ನ ಖಾಲಿ ಸಿಮೆಂಟ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮೇಲೆ ಮಾರ್ಕರಲ್ಲಿ ದಪ್ಪಗೆ ಮರಾಠಿಯಲ್ಲಿ ‘ಕಾಟೇ ಆಹೇತ್’, ಮುಳ್ಳಿದೆ ಅಂತ ಬರೆದು, ಕಸದ ತಾಯಿ ಬಂದಾಗ ಕೈಗೆ ಕೊಡದೆ, ಗಾಡಿ ಹತ್ತಿರ ನಾವೇ ಹೊತ್ತುಕೊಂಡು ಹೋಗಿ ಇಟ್ಟು ಬರ್ತೀವಿ.